ಗೇಟಿಗೆ ಬಂದವರ ಪಾಲು, ಬಾರದವರ ಪಾಲು

ಜನವರಿ ಹುಟ್ಟಿದರೆ ಪತ್ತನಾಜೆ ತನಕ ವಂತಿಗೆ ಕೇಳಿಕೊಂಡು ಬರುವವರಿಂದ ನಮ್ಮ ಮನೆ ಗೇಟಿಗೆ ಬಿಡುವಿಲ್ಲ. ಒಂದು ವಾರ ದೇವಸ್ಥಾನದ ಬ್ರಹ್ಮಕಲಶ, ಇನ್ನೊಂದು ವಾರ ದೈವದ ನೇಮ, ಮತ್ತೊಂದು ವಾರ ಯುವಕ ಮಂಡಲದ ವಾರ್ಷಿಕೋತ್ಸವ. ಶಾಲೆಯವರು ಬರುತ್ತಾರೆ, ಭಜನಾ ಮಂದಿರದವರು ಬರುತ್ತಾರೆ, ಯಕ್ಷಗಾನ ಬಯಲಾಟ ಆಡಿಸುವವರು ಬರುತ್ತಾರೆ. ಪತ್ತನಾಜೆ ಬರುವುದು ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ; ಅವತ್ತು ಆಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಸ್ವಲ್ಪ ಉಸಿರು. ಮಳೆ ಕಡಿಮೆಯಾಗುವಾಗ ಅಷ್ಟಮಿ, ಚೌತಿ, ನವರಾತ್ರಿ ಅಂತ ಎರಡನೇ ಸುತ್ತು ಶುರು. ಹುಲಿವೇಷದವರಿಗೆ ಕೊಡುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ತಾಸೆ ಪೆಟ್ಟು ಕೇಳಿದರೆ ಕೈ ತಾನಾಗಿ ಪರ್ಸಿಗೆ ಹೋಗುವ ವಿಷಯ.

ತೊಂದರೆ ಎಲ್ಲಿ ಅಂದರೆ, ಕೇಳುವ ಕಾಲಕ್ಕೂ ನಮ್ಮ ಸಂಪಾದನೆಯ ಕಾಲಕ್ಕೂ ತಾಳ ಸೇರುವುದಿಲ್ಲ. ಗಂಡನದ್ದು ಒಂದು ಸಣ್ಣ ಗೂಡ್ಸ್ ಗಾಡಿ. ಮಲ್ಪೆ ಬಂದರಿನ ಮೀನು, ಐಸು ಸಾಗಿಸುವುದೇ ಮುಖ್ಯ ಬಾಡಿಗೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟು ನಿಂತರೆ ಗಾಡಿಯೂ ನಿಂತ ಹಾಗೆಯೇ. ಸೀಸನ್ನಿನಲ್ಲಿ ಡೀಸೆಲ್, ಗಾಡಿ ಸಾಲದ ಕಂತು ಎಲ್ಲ ಕಳೆದು ತಿಂಗಳಿಗೆ 35 ಸಾವಿರ ಮನೆಗೆ ಬಂದರೆ, ಆ ಎರಡು ತಿಂಗಳು ಸಿಮೆಂಟು, ಪೀಠೋಪಕರಣ ಅಂತ ಸಿಕ್ಕಿದ ಬಾಡಿಗೆ ಹೊಡೆದು ಹನ್ನೊಂದು ಸಾವಿರ ಆದರೆ ಪುಣ್ಯ. ಸರಿಯಾಗಿ ಅದೇ ಹೊತ್ತಿಗೆ ಕಾಲೇಜು ಫೀಸು, ಕೊಡೆ, ರೈನ್‌ಕೋಟು, ಹೊಸ ಬ್ಯಾಗು. ಏಪ್ರಿಲಿನಲ್ಲಿ ಗೇಟಿನ ಹತ್ತಿರ ನಿಂತು ಧಾರಾಳವಾಗಿ ಬರೆಸಿದ ಮೊತ್ತ ಜೂನಿನಲ್ಲಿ ನೆನಪಾಗುತ್ತದೆ.

ನಾನು ಉಡುಪಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಲರ್ಕು. ಕೈಗೆ ಬರುವುದು 24 ಸಾವಿರ. ಇಬ್ಬರದ್ದೂ ಸೇರಿ ವರ್ಷಕ್ಕೆ ಆರೂವರೆ ಲಕ್ಷದ ಆಚೀಚೆ. ತಿಂಗಳ ಸರಾಸರಿ ತೆಗೆದರೆ 55 ಸಾವಿರ. ಮನೆ ಸಾಲ 13,500. ಅತ್ತೆಯ ಶುಗರ್, ಬಿಪಿ ಮಾತ್ರೆ 3,500. ಮಗಳ ಕಾಲೇಜು, ಮಗನ ಶಾಲೆ ಎಲ್ಲ ವರ್ಷಕ್ಕೆ ಹರಡಿದರೆ ತಿಂಗಳಿಗೆ 11 ಸಾವಿರ. ಜೀನಸು, ಹಾಲು, ಮೀನು, ಗ್ಯಾಸು 16 ಸಾವಿರ. ಎಲ್‌ಐಸಿ ಮೂರು, ಕರೆಂಟು ಫೋನು ಸ್ಕೂಟರು ನಾಲ್ಕು. ಉಳಿಯುವುದು ನಾಲ್ಕು ಸಾವಿರ. ಈ ನಾಲ್ಕರಲ್ಲೇ ಮದುವೆ ಮನೆಯ ಕವರು, ಜ್ವರ, ಗಾಡಿಯ ಟಯರು, ಮತ್ತೆ ಈ ದಾನ ಧರ್ಮ. ನಮ್ಮ ಕಡೆ ಮೇ ತಿಂಗಳಲ್ಲಿ ಒಂದು ಆದಿತ್ಯವಾರಕ್ಕೆ ಎರಡು ಮದುವೆ ಇರುತ್ತದೆ, ಗೊತ್ತಲ್ವಾ?

ಹಾಗಂತ ಕೊಡದೆ ಇರುವ ಜಾಯಮಾನ ನಮ್ಮದಲ್ಲ. ಅತ್ತೆಯ ಕಾಲದಿಂದಲೂ ಈ ಗೇಟಿನಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಆಗ ಹಣ ಇರಲಿಲ್ಲ, ಸೇರು ಅಕ್ಕಿಯೋ ಎರಡು ತೆಂಗಿನಕಾಯಿಯೋ ಕೊಡುತ್ತಿದ್ದರಂತೆ. ಈಗ ಎಲ್ಲ ನೋಟು, ಇಲ್ಲದಿದ್ದರೆ ಕ್ಯೂಆರ್ ಕೋಡು.

ಗೇಟಿನ ಹತ್ತಿರ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ನಾಲ್ಕೈದು ಮಂದಿ ಬರುತ್ತಾರೆ. ಒಬ್ಬರೇ ಬರುವುದಿಲ್ಲ, ಯಾವಾಗಲೂ ಗುಂಪು. ಅದರಲ್ಲಿ ಒಬ್ಬರಾದರೂ ನಮಗೆ ತೀರಾ ಬೇಕಾದವರು ಇರುತ್ತಾರೆ, ಗಂಡನ ಕ್ಲಾಸ್‌ಮೇಟೋ ಮಗನ ಮಾಷ್ಟ್ರೋ. ಮೊದಲು ಆಮಂತ್ರಣ ಪತ್ರಿಕೆ, ಆಮೇಲೆ ಕಂಕುಳಿನಿಂದ ರಶೀದಿ ಪುಸ್ತಕ. ಪುಸ್ತಕವನ್ನು ಸುಮ್ನೆ ತೆರೆಯುವುದಿಲ್ಲ. ಹಿಂದಿನ ಹಾಳೆಗಳನ್ನು ಸಾವಕಾಶ ಮಗುಚಿಕೊಂಡು ಬರುತ್ತಾರೆ. ಆ ಪ್ರತಿಗಳಲ್ಲಿ ಕಾರ್ಬನ್ ನೀಲಿಯಲ್ಲಿ ಪಕ್ಕದ ಮನೆಯವರ ಹೆಸರು, ಅದರ ಮುಂದೆ ಐದು ಸಾವಿರ. ಆಚೆ ಮನೆಯವರ ಮಗ ದುಬೈಯಲ್ಲಿದ್ದಾನೆ, ಅವರದ್ದು ಇಪ್ಪತ್ತೈದು. ಓದಬಾರದು ಅಂದುಕೊಂಡರೂ ಕಣ್ಣು ಓದಿ ಆಗಿರುತ್ತದೆ. ನಂತರ ಪೆನ್ನಿನ ಟೋಪಿ ತೆಗೆದು, ನಮ್ಮ ಹೆಸರು ಬರೆದು, ರೂಪಾಯಿ ಜಾಗದಲ್ಲಿ ಪೆನ್ನು ನಿಲ್ಲಿಸಿ, ಮುಖ ನೋಡಿ ನಗುತ್ತಾ ಕೇಳುತ್ತಾರೆ: "ಎಷ್ಟು ಬರೆಯುವ ಅಕ್ಕ?"

ಆ ಪೆನ್ನು ನಿಂತಿರುವ ಎರಡು ಮೂರು ಸೆಕೆಂಡಿನಲ್ಲಿ ನಮ್ಮ ಊರಿನ ಅರ್ಧ ದಾನ ತೀರ್ಮಾನವಾಗುತ್ತದೆ. ಮನೆ ಸಾಲ, ಮಾತ್ರೆ, ಫೀಸು ಯಾವುದೂ ಆಗ ತಲೆಗೆ ಬರುವುದಿಲ್ಲ. ಬರುವುದು ಪಕ್ಕದ ಮನೆಯ ಐದು ಸಾವಿರ ಮಾತ್ರ.

ನನ್ನ ಗಂಡ ಗೇಟಿಗೆ ಹೋದರೆ ಐದು ಸಾವಿರ, ನಾನು ಹೋದರೆ ಐನೂರು. ಇದು ಊರಿಗೇ ಗೊತ್ತಿರುವ ವಿಷಯ. ಹಾಗಾಗಿ ಕೆಲವರು ಅವರ ಗಾಡಿ ಅಂಗಳದಲ್ಲಿ ಇರುವ ಹೊತ್ತು ನೋಡಿಯೇ ಬರುತ್ತಾರೆ. ಅವರದ್ದೂ ಒಂದು ನ್ಯಾಯ ಉಂಟು. "ನಾಳೆ ನನ್ನ ಗಾಡಿ ಚರಂಡಿಗೆ ಬಿದ್ದರೆ ಎತ್ತಲಿಕ್ಕೆ ಬರುವುದು ಇವರೇ. ಅಪ್ಪ ತೀರಿಕೊಂಡಾಗ ಸೌದೆ ಒಟ್ಟಿದ್ದು ಇವರೇ" ಅನ್ನುತ್ತಾರೆ. ಸುಳ್ಳಲ್ಲ. ಆ ರಾತ್ರಿ ಮಳೆಯಲ್ಲಿ ಟಾರ್ಪಾಲು ಕಟ್ಟಿದವರ ಹೆಸರು ನನಗೂ ನೆನಪುಂಟು.

ಆದರೆ ಅವರು ಹೇಳಿದ್ದನ್ನು ಯೋಚಿಸುತ್ತಾ ಹೋದಾಗ ನನಗೆ ಅನಿಸಿದ್ದು ಬೇರೆ. ಹಾಗಾದರೆ ಇದು ದಾನ ಅಲ್ಲ. ಇದು ಊರಿನಲ್ಲಿ ಇರುವುದಕ್ಕೆ ತಗಲುವ ಖರ್ಚು. ಬ್ರಹ್ಮಕಲಶಕ್ಕೆ ಕೊಟ್ಟೆವು, ಮೂರು ದಿನ ಮನೆಯವರೆಲ್ಲ ಅಲ್ಲೇ ಊಟ ಮಾಡಿದೆವು. ವಾರ್ಷಿಕೋತ್ಸವಕ್ಕೆ ಕೊಟ್ಟೆವು, ಮಗಳು ಅದೇ ಸ್ಟೇಜಿನಲ್ಲಿ ಕುಣಿದಳು. ಬಯಲಾಟಕ್ಕೆ ಕೊಟ್ಟೆವು, ಬೆಳಗಿನ ತನಕ ಕೂತು ನೋಡಿದೆವು. ಇದರಲ್ಲಿ ತಪ್ಪೇನಿಲ್ಲ, ನನಗೆ ಇದೆಲ್ಲ ಬೇಕು. ಆದರೆ ಕೊಟ್ಟದ್ದರಲ್ಲಿ ಬಹುಪಾಲು ನಮಗೇ ತಿರುಗಿ ಬರುತ್ತದೆ. ಹಾಲಿನ ಬಿಲ್ಲು, ಕೇಬಲ್ ಬಿಲ್ಲು ಇರುವ ಸಾಲಿನಲ್ಲೇ ಇದೂ ಇರಬೇಕು. ಹಾಗೆ ಬರೆದರೆ ಅದಕ್ಕೊಂದು ಮಿತಿ ತಾನಾಗಿ ಬರುತ್ತದೆ. ಮನೆಯಲ್ಲಿ ಹಾಲು ಎಷ್ಟು ಬೇಕು ಅಂತ ಪಕ್ಕದ ಮನೆಯವರ ಹಾಲು ನೋಡಿ ಯಾರೂ ತೀರ್ಮಾನಿಸುವುದಿಲ್ಲ.

ಈಗ ನಮ್ಮ ಲೆಕ್ಕದ ಪುಸ್ತಕದಲ್ಲಿ "ಊರು" ಅಂತ ಒಂದು ತಲೆಬರಹ ಉಂಟು. ವರ್ಷಕ್ಕೆ ಒಂಬತ್ತು ಸಾವಿರ. ದೇವಸ್ಥಾನ, ದೈವಸ್ಥಾನ, ಮಂಡಲ, ಶಾಲೆ, ಚೌತಿ ಎಲ್ಲ ಅದರೊಳಗೆ. ಯಾರಿಗೆ ಎಷ್ಟು ಅಂತ ಜನವರಿಯಲ್ಲೇ ಅಂದಾಜು ಹಾಕುತ್ತೇವೆ. ಮುಗಿದರೆ ಮುಗಿಯಿತು. "ಈ ವರ್ಷದ್ದು ಖಾಲಿ ಆಯಿತು ಅಣ್ಣ, ಬರುವ ವರ್ಷ ಮೊದಲು ನಿಮ್ಮದೇ ಬರೆಯುವ" ಅಂತ ಹೇಳಿದರೆ ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ. ಮಾಡಿಕೊಂಡಿದ್ದರೂ ನನಗೆ ಹೇಳಿಲ್ಲ.

ಬ್ರಹ್ಮಕಲಶದ ವರ್ಷ ಮಾತ್ರ ಈ ಒಂಬತ್ತು ಸಾವಿರ ಸಾಕಾಗುವುದಿಲ್ಲ. ನಮ್ಮ ಗ್ರಾಮದ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮನೆಗೆ ಹತ್ತು ಸಾವಿರ ಅಂತ ಸಭೆಯಲ್ಲಿ ನಿಗದಿಯಾಯಿತು. ಸಭೆಯಲ್ಲಿ ಕೈ ಎತ್ತಿದವರು ಗಂಡಸರು, ಅಡುಗೆಮನೆ ಡಬ್ಬದಿಂದ ತೆಗೆಯಬೇಕಾದವರು ನಾವು. ನಾನು ಖಜಾಂಚಿಯವರ ಹತ್ತಿರ ಹೋಗಿ, ತಿಂಗಳಿಗೆ ಐನೂರರಂತೆ ಇಪ್ಪತ್ತು ತಿಂಗಳಲ್ಲಿ ಕಟ್ಟುತ್ತೇನೆ, ಆಗುತ್ತದಾ ಅಂತ ಕೇಳಿದೆ. ಗಂಡನಿಗೆ ಮುಖ ಕೆಂಪಾಗಿತ್ತು. "ದೇವರ ಹಣವನ್ನು ಕಂತಿನಲ್ಲಿ ಕೊಡುವುದಾ ಮಾರಾಯ್ತಿ?" ಟಿವಿ ಕಂತಿನಲ್ಲಿ ತಂದವರು ಕೇಳುವ ಪ್ರಶ್ನೆ ಇದು! ಖಜಾಂಚಿಯವರು ಒಳ್ಳೆಯವರು, ಒಪ್ಪಿದರು. ಮುಂದಿನ ತಿಂಗಳು ನಮ್ಮ ಓಣಿಯ ಬೇರೆ ಮನೆಯವರೂ ಕಂತು ಕೇಳಿಕೊಂಡು ಹೋದರು. ಒಬ್ಬರಂತೂ ರಾತ್ರಿ ಫೋನು ಮಾಡಿ, "ನೀವು ಕೇಳಿದ್ದು ಒಳ್ಳೆಯದಾಯಿತು, ನಮಗೆ ಬಾಯಿ ಬರುತ್ತಿರಲಿಲ್ಲ" ಅಂದರು.

ಹಣವೇ ಆಗಬೇಕು ಅಂತಲೂ ಇಲ್ಲ. ನಮ್ಮ ಕಡೆಯ ಹೊರೆಕಾಣಿಕೆ ನನಗೆ ತುಂಬಾ ಇಷ್ಟದ ಪದ್ಧತಿ. ಪರ್ಯಾಯ ಉತ್ಸವಕ್ಕೆ ಉಡುಪಿಯ ಕೃಷ್ಣ ಮಠಕ್ಕಾಗಲಿ, ಊರಿನ ಬ್ರಹ್ಮಕಲಶಕ್ಕಾಗಲಿ, ಮನೆಯಲ್ಲಿ ಏನಿದೆಯೋ ಅದು ಗಾಡಿ ಏರುತ್ತದೆ. ಅಕ್ಕಿ, ಬೆಲ್ಲ, ಬಾಳೆಗೊನೆ, ಸೀಯಾಳ, ಮಟ್ಟು ಊರಿನ ಕಡೆಯವರದ್ದಾದರೆ ಗುಳ್ಳ ಬದನೆ. ಗಂಡ ಹೊರೆಕಾಣಿಕೆ ಮೆರವಣಿಗೆಗೆ ಗಾಡಿಯನ್ನು ಬಾಡಿಗೆ ಇಲ್ಲದೆ ಕೊಡುತ್ತಾರೆ, ಡೀಸೆಲ್ ನಮ್ಮದೇ. ನಮ್ಮ ಹಿತ್ತಿಲಿನಲ್ಲಿ ಮೂರು ತೆಂಗಿನಮರ ಉಂಟು. ಮೊದಲು ಇಪ್ಪತ್ತು ಕಾಯಿ ಕಣ್ಣುಮುಚ್ಚಿ ಕೊಡುತ್ತಿದ್ದೆವು. 2025ರಲ್ಲಿ ಕಾಯಿ ಬೆಲೆ ಗಗನಕ್ಕೆ ಹೋದ ಮೇಲೆ ಅತ್ತೆ ಕೂಡ ಎಣಿಸಿ ಕೊಡಲು ಶುರು ಮಾಡಿದರು. ಏನು ಮಾಡುವುದು, ಚಟ್ನಿಗೂ ಬೇಕಲ್ಲ.

ಇನ್ನು ಗೇಟಿಗೆ ಬಾರದವರ ವಿಷಯ. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು.

ನಮ್ಮ ಆಫೀಸಿನಲ್ಲಿ ಗುಡಿಸಿ ಒರೆಸುವ ಹೆಂಗಸು ಒಂದು ದಿನ ಎರಡು ದಿನದ ರಜೆ ಕೇಳಿದಳು. ಅಷ್ಟೇ ಕೇಳಿದ್ದು. ಯಾಕೆ ಅಂತ ನಾನು ಎರಡು ಸಲ ಕೇಳಿದ ಮೇಲೆ, ಗಂಡನಿಗೆ ಎದೆಯ ಆಪರೇಷನ್ ಆಗಬೇಕು ಅಂದಿದ್ದಾರೆ, ಬಂಗಾರ ಅಡವು ಇಡಲಿಕ್ಕೆ ಹೋಗಬೇಕು ಅಂದಳು. ಕುತ್ತಿಗೆಯ ಕರಿಮಣಿ ಬಿಟ್ಟರೆ ಅವಳ ಮೈಮೇಲೆ ಬೇರೆ ಏನೂ ಇರಲಿಲ್ಲ. ಅವಳಲ್ಲಿ ರಶೀದಿ ಪುಸ್ತಕ ಇಲ್ಲ, ಜೊತೆಗೆ ನಾಲ್ಕು ಜನ ಇಲ್ಲ, ಫ್ಲೆಕ್ಸಿನಲ್ಲಿ ನಮ್ಮ ಫೋಟೋ ಹಾಕಿಸುವ ಶಕ್ತಿಯಂತೂ ಇಲ್ಲವೇ ಇಲ್ಲ.

ಮೊದಲು ಕೇಳಿದ್ದು ರೇಷನ್ ಕಾರ್ಡು ಯಾವುದು ಅಂತ. ಬಿಪಿಎಲ್. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡಾ, ಗರಿಷ್ಠ ಒಂದೂವರೆ ಲಕ್ಷ. ಇದು 2018ರಿಂದ ಉಂಟು. ಆದರೂ ಇವತ್ತಿಗೂ ಎಷ್ಟೋ ಜನ ಮೊದಲು ಬಂಗಾರ ಇಡುತ್ತಾರೆ, ಆಮೇಲೆ ಕಾರ್ಡು ಹುಡುಕುತ್ತಾರೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಕ್ಕೆ ಅವಳ ಮಗನನ್ನು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಕಾಗದ ಸರಿಯಾಯಿತು, ಆಪರೇಷನ್ನಿನ ಖರ್ಚು ಯೋಜನೆಯಲ್ಲೇ ಮುಗಿಯಿತು.

ಆದರೆ ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಅವಳಿಗೆ ಆಸ್ಪತ್ರೆಯಲ್ಲಿ ನಿಲ್ಲಬೇಕು, ಹೊರಗಡೆ ಊಟ ಮಾಡಬೇಕು. ದಿನಾ ಬಸ್ಸಿನ ಹಣ. ಗಂಡನ ಕೂಲಿ ಎರಡು ತಿಂಗಳು ಇಲ್ಲ. ಅವಳು ಬೇರೆ ಎರಡು ಮನೆ ಕೆಲಸ ಮಾಡುತ್ತಿದ್ದಳು, ಅದೂ ತಪ್ಪಿತು. ದೊಡ್ಡ ಮೊತ್ತಕ್ಕೆ ಸರಕಾರದ ಯೋಜನೆ ಉಂಟು, ವಾಟ್ಸಾಪಿನಲ್ಲಿ ಮನವಿ ಹಾಕುವ ಸಂಘಗಳುಂಟು. ಈ ಮೂರು ನಾಲ್ಕು ಸಾವಿರಕ್ಕೆ ಯಾರೂ ಇಲ್ಲ. ಇದಕ್ಕೆ ಫ್ಲೆಕ್ಸು ಹಾಕುವುದಿಲ್ಲ. ನಮ್ಮಂಥ ಮನೆಗಳ ಕೈಗೆ ಎಟಕುವುದು ಇದೇ. ಐದು ಲಕ್ಷ ನಮ್ಮಿಂದ ಆಗುವುದಿಲ್ಲ. ನಾಲ್ಕು ಸಾವಿರ ಆಗುತ್ತದೆ, ಗೇಟಿನ ಹತ್ತಿರವೇ ಎಲ್ಲ ಕೊಟ್ಟು ಮುಗಿಸಿರದಿದ್ದರೆ.

ಹಾಗಾಗಿ ಇವರಿಗೆ ಬೇರೆಯೇ ಗಂಟು. ಅದಕ್ಕೆ ನಾನು ಹಿಡಿದ ದಾರಿ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕೂಡಿಸುವ ಠೇವಣಿ.

ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ. 1925ರಲ್ಲಿ ನೇಕಾರರಿಗೆ ಆಸರೆಯಾಗಲಿ ಅಂತ ಇಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಈ ಯೋಜನೆ ತಂದಿತು. ದಿನಕ್ಕೆ ಎರಡಾಣೆ, ಏಜೆಂಟರು ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಅದಕ್ಕೂ ಮೊದಲು, 1906ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಶುರು ಮಾಡಿದ ಕಾರ್ಪೊರೇಷನ್ ಬ್ಯಾಂಕಿನ ಮೊದಲ ದಿನದ ಲೆಕ್ಕ 38 ರೂಪಾಯಿ 13 ಆಣೆ 2 ಪೈ ಅಂತ ನಮ್ಮ ಫೀಲ್ಡಿನವರಿಗೆಲ್ಲ ಬಾಯಿಪಾಠ. ಉಡುಪಿಯ ತಾಯಿ ಮಕ್ಕಳ ಸರಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. 2020ರ ಏಪ್ರಿಲ್ ಒಂದಕ್ಕೆ ಎರಡೂ ಬ್ಯಾಂಕುಗಳ ಹೆಸರು ಹೋಯಿತು. ಸಿಂಡಿಕೇಟ್ ಕೆನರಾ ಬ್ಯಾಂಕಿಗೆ ಸೇರಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹಳೇ ಬೋರ್ಡು ಇಳಿಸುವ ದಿನ ನಮ್ಮ ಆಫೀಸಿನ ಹಿರಿಯರೊಬ್ಬರು ಸುಮ್ಮನೆ ಹೋಗಿ ನೋಡಿ ಬಂದರು. ಪಿಗ್ಮಿ ಮಾತ್ರ ನಮ್ಮಂಥ ಸೊಸೈಟಿಗಳಲ್ಲಿ ಈಗಲೂ ಗಟ್ಟಿ ಉಂಟು.

ನನ್ನದು ದಿನಕ್ಕೆ ಮೂವತ್ತು ರೂಪಾಯಿ. ವರ್ಷಕ್ಕೆ 10,950. ನಡುವೆ ಮುರಿಯುವುದಿಲ್ಲ. ಒಂದು ವರ್ಷ ತುಂಬಿದ ಮೇಲೆ ತೆಗೆದು ಬೇರೆ ಉಳಿತಾಯ ಖಾತೆಗೆ ಹಾಕುತ್ತೇನೆ. ಮುಂದಿನ ವರ್ಷ ಕೊಡುವುದೆಲ್ಲ ಅದರಿಂದ. ಅಂದರೆ ಹೋದ ವರ್ಷ ಕೂಡಿಸಿದ್ದು ಈ ವರ್ಷ ಕೊಡಲಿಕ್ಕೆ. ಇದರಿಂದ ದೊಡ್ಡ ಉಪಕಾರ ಆದದ್ದು ಜೂನ್, ಜುಲೈಗೆ. ಗಾಡಿ ನಿಂತಿದ್ದಾಗಲೂ ಯಾರಾದರೂ ಕಷ್ಟ ಹೇಳಿಕೊಂಡರೆ ಕೊಡಲಿಕ್ಕೆ ಹಣ ಇರುತ್ತದೆ, ಅದು ಮಗಳ ಫೀಸಿನ ಹಣವೂ ಆಗಿರುವುದಿಲ್ಲ. ಕಷ್ಟ ಮಳೆಗಾಲದಲ್ಲೇ ಜಾಸ್ತಿ ಬರುವುದಲ್ವಾ? ಕೂಲಿ ಇಲ್ಲದ ದಿನಗಳು ಆಗಲೇ.

ಊರಿನ ಒಂಬತ್ತು, ಪಿಗ್ಮಿಯ ಹನ್ನೊಂದು, ಸೇರಿ ಇಪ್ಪತ್ತು ಸಾವಿರದ ಒಳಗೆ. ಸಂಪಾದನೆಯಲ್ಲಿ ನೂರಕ್ಕೆ ಮೂರು. ಕಡಿಮೆಯಾ ಜಾಸ್ತಿಯಾ ಅಂತ ನಮ್ಮ ಮನೆಯಲ್ಲೇ ಒಮ್ಮತ ಇಲ್ಲ.

ಈ ಪ್ರಮಾಣದ ಬಗ್ಗೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಆಫೀಸಿನ ಸಹೋದ್ಯೋಗಿ. ರಮ್ಜಾನ್ ತಿಂಗಳಲ್ಲಿ ಅವರ ಮನೆಯಲ್ಲಿ ಝಕಾತ್ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ ಎರಡೂವರೆ ಶೇಕಡಾ. ಆದರೆ ಅದಕ್ಕೊಂದು ಕೆಳಮಿತಿ ಉಂಟು, ಅದಕ್ಕಿಂತ ಕಡಿಮೆ ಇದ್ದವರಿಗೆ ಕಡ್ಡಾಯ ಇಲ್ಲ. ವಾಸದ ಮನೆ, ಉಡುವ ಬಟ್ಟೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕಿಂತಲೂ ನನಗೆ ಹಿಡಿಸಿದ್ದು, ಸಾಲದಲ್ಲಿ ಮುಳುಗಿದವನು ಝಕಾತ್ ಪಡೆಯುವವರ ಪಟ್ಟಿಯಲ್ಲೇ ಇದ್ದಾನೆ. ಸಾಲ ಮಾಡಿ ದಾನ ಮಾಡು ಅಂತ ಎಲ್ಲೂ ಹೇಳಿಲ್ಲ.

ಕೌಂಟರಿನಲ್ಲಿ ಕೂತು ನಾನು ನೋಡುವುದು ಇದರ ತದ್ವಿರುದ್ಧ. ಬಂಗಾರ ಸಾಲಕ್ಕೆ ಬಂದವರ ಅರ್ಜಿಯಲ್ಲಿ ಕಾರಣ ಅಂತ ಒಂದು ಗೆರೆ ಇರುತ್ತದೆ. ಎಲ್ಲರೂ "ಮನೆ ಖರ್ಚು" ಅಂತ ಬರೆಯುತ್ತಾರೆ. ಸರ ತೂಕ ಮಾಡುವ ಹೊತ್ತಿಗೆ ಬಾಯಿಬಿಡುತ್ತಾರೆ. ಹರಕೆಯ ಯಕ್ಷಗಾನ ಆಟ ಒಪ್ಪಿಕೊಂಡಿದ್ದರು, ಸರದಿ ಬಂತು. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಬರೆಸಿದಾಗ ಇದ್ದ ಕೈ ಸರದಿ ಬಂದಾಗ ಇರುವುದಿಲ್ಲ. ಇಲ್ಲದಿದ್ದರೆ ಕುಟುಂಬದ ದೈವಸ್ಥಾನದ ಪಾಲು, ಅಣ್ಣ ತಮ್ಮ ಎಲ್ಲ ಐವತ್ತು ಸಾವಿರ ಕೊಟ್ಟಿದ್ದಾರೆ, ಇವರೊಬ್ಬರು ಹಿಂದೆ ಬೀಳುವ ಹಾಗಿಲ್ಲ. ಹರಕೆಯ ಬಗ್ಗೆ ನಾನು ಮಾತಾಡುವುದಿಲ್ಲ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ಆದರೆ ಆ ಸರ ಬಿಡಿಸಿಕೊಳ್ಳಲು ಎರಡು ವರ್ಷ ಬಡ್ಡಿ ಕಟ್ಟುವುದನ್ನೂ ನಾನೇ ಬರೆದುಕೊಳ್ಳುತ್ತೇನೆ. ಬಡ್ಡಿ ಕಟ್ಟಿದ್ದು ದೇವರಿಗೆ ಹೋಗುವುದಿಲ್ಲ, ನಮ್ಮ ಸೊಸೈಟಿಗೆ ಬರುತ್ತದೆ. ನನ್ನ ಸಂಬಳವೂ ಅದರಿಂದಲೇ. ಹಾಗಿದ್ದರೂ ಹೇಳುತ್ತೇನೆ, ಅಡವಿಟ್ಟು ಕೊಡಬೇಡಿ.

ಅತ್ತೆಗೆ ಇದೆಲ್ಲ ಅಷ್ಟು ಸರಿ ಕಾಣುವುದಿಲ್ಲ. "ಬಲೀಂದ್ರ ಲೆಕ್ಕ ನೋಡಿ ಕೊಟ್ಟನಾ?" ಅಂತ ಕೇಳುತ್ತಾರೆ. ತುಳುನಾಡಿನ ದೀಪಾವಳಿ ಅಂದರೆ ಬಲೀಂದ್ರನದ್ದೇ ಅಲ್ವಾ. ಕತ್ತಲಾದ ಮೇಲೆ ದೀಪ ಇಟ್ಟು, ಕೂ ಹಾಕಿ ಅವನನ್ನು ಕರೆಯುತ್ತೇವೆ. ಎಲ್ಲ ಕೊಟ್ಟು ಪಾತಾಳಕ್ಕೆ ಹೋದವನನ್ನು ವರ್ಷಕ್ಕೊಮ್ಮೆ ಊರಿಗೆ ಕರೆದು ಉಪಚಾರ ಮಾಡುವ ಜನ ನಾವು.

ನನಗೆ ಮಾತ್ರ ಆ ಕಥೆಯಲ್ಲಿ ಶುಕ್ರಾಚಾರ್ಯರ ಮೇಲೆ ಮರುಕ. ಕೊಡಬೇಡ ಅಂದ ತಪ್ಪಿಗೆ ಆಟದಲ್ಲಿ ಅವರ ಒಂದು ಕಣ್ಣೇ ಹೋಗುತ್ತದೆ, ಜನ ನಗುತ್ತಾರೆ. ಆದರೆ ಭಾಗವತದ ಎಂಟನೇ ಸ್ಕಂಧದಲ್ಲಿ ಅವರು ಬಲಿಗೆ ಹೇಳಿದ ಮಾತು ನಗುವಂಥದ್ದಲ್ಲ. ಹಣವನ್ನು ಐದು ಪಾಲು ಮಾಡು ಅನ್ನುತ್ತಾರೆ. ಧರ್ಮಕ್ಕೆ ಒಂದು, ಯಶಸ್ಸಿಗೆ ಒಂದು, ಹಣ ಬೆಳೆಸಲಿಕ್ಕೆ ಒಂದು, ಸ್ವಂತ ಸುಖಕ್ಕೆ ಒಂದು, ತನ್ನವರಿಗೆ ಒಂದು. ಬದುಕಿನ ದಾರಿಯನ್ನೇ ಮುಚ್ಚಿಸುವ ದಾನವನ್ನು ಹೊಗಳುವುದಿಲ್ಲ ಅಂತಲೂ ಹೇಳುತ್ತಾರೆ. ಧರ್ಮದ ಪಾಲು ಬೇರೆ, ಯಶಸ್ಸಿನ ಪಾಲು ಬೇರೆ ಅಂತ ಇಟ್ಟದ್ದು ನೋಡಿ! ಫ್ಲೆಕ್ಸಿನಲ್ಲಿ ಹೆಸರು ಬರುವ ಹಣ ಯಾವ ಪಾಲಿನದ್ದು ಅಂತ ಅವರಿಗೆ ಆಗಲೇ ಗೊತ್ತಿತ್ತು. ಹೆಸರು ಬರುವುದು ತಪ್ಪು ಅಂತಲೂ ಅವರು ಹೇಳಲಿಲ್ಲ, ಬೇರೆ ಡಬ್ಬದಿಂದ ಕೊಡು ಅಂದರು, ಅಷ್ಟೇ. ಬಲಿ ಕೇಳಲಿಲ್ಲ. ಅವನು ಚಕ್ರವರ್ತಿ, ಮನೆ ಸಾಲ ಇರಲಿಲ್ಲ.

ಅತ್ತೆಗೆ ಇದನ್ನು ಹೇಳಿದಾಗ "ನಿನ್ನ ಹತ್ತಿರ ಮಾತಾಡಿ ಆಗುತ್ತದಾ" ಅಂತ ಒಳಗೆ ಹೋದರು. ಹಾಗೆ ಹೇಳಿ ಹೋದವರು ತಮ್ಮ ವೃದ್ಧಾಪ್ಯ ವೇತನದಿಂದ ತಿಂಗಳಿಗೆ ನೂರು ರೂಪಾಯಿ ನನ್ನ ಕೈಗೆ ಕೊಡಲು ಶುರು ಮಾಡಿದ್ದಾರೆ, ಪಿಗ್ಮಿಗೆ ಸೇರಿಸು ಅಂತ.

ತೆರಿಗೆಯ ವಿಷಯವನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಕೆಲವು ಸಂಸ್ಥೆಯವರು "80ಜಿ ಉಂಟು ಅಕ್ಕ, ತೆರಿಗೆ ಉಳಿಯುತ್ತದೆ" ಅಂತ ಆಸೆ ತೋರಿಸುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಹಳೆಯದರಲ್ಲಿದ್ದರೂ ಎರಡು ಸಾವಿರಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ನಮ್ಮಷ್ಟು ಸಂಪಾದನೆಯವರಿಗೆ ತೆರಿಗೆಯೇ ಬರುವುದಿಲ್ಲ, ಇನ್ನು ಉಳಿಸುವುದು ಎಂತ?

ವಾಟ್ಸಾಪ್ ಮನವಿಗಳಿಗೆ ನಮ್ಮ ಮನೆಯಲ್ಲಿ ಮಗಳೇ ಇನ್‌ಸ್ಪೆಕ್ಟರ್. ಮಗುವಿನ ಫೋಟೋ, ಕೆಳಗೆ ಕ್ಯೂಆರ್ ಕೋಡು, "ಎಲ್ಲ ಗ್ರೂಪಿಗೂ ಕಳಿಸಿ" ಅಂತ ಬರುತ್ತದಲ್ಲ, ಗಂಡ ಮೊದಲಾದರೆ ಓದುವ ಮೊದಲೇ ಹಣ ಹಾಕುತ್ತಿದ್ದರು. ಮಗಳು ಈಗ ಅದರಲ್ಲಿರುವ ಆಸ್ಪತ್ರೆಗೆ ಫೋನು ಮಾಡುತ್ತಾಳೆ. ಆ ಹೆಸರಿನ ರೋಗಿ ಇದ್ದಾರಾ, ಬಿಲ್ಲಿಗೆ ನೇರ ಕಟ್ಟಬಹುದಾ ಅಂತ ಕೇಳುತ್ತಾಳೆ. ಕೆಲವು ಕಡೆ ಹೇಳುತ್ತಾರೆ, ಕೆಲವು ಕಡೆ ಗದರುತ್ತಾರೆ. ಒಮ್ಮೆ ಅವಳು ಫೋನು ಮಾಡಿದಾಗ ಆ ಮಗು ಗುಣವಾಗಿ ಮನೆಗೆ ಹೋಗಿ ಎಷ್ಟೋ ಸಮಯ ಆಗಿತ್ತು, ಮನವಿ ಮಾತ್ರ ಇನ್ನೂ ಗ್ರೂಪುಗಳಲ್ಲಿ ತಿರುಗುತ್ತಿತ್ತು. ಮೋಸ ಅಲ್ಲ ಅದು, ಆದರೂ ಆ ಹಣ ಯಾರಿಗೆ ಮುಟ್ಟುತ್ತಿತ್ತೋ.

ದೊಡ್ಡ ದಾನಿಗಳ ಕಥೆ ಹೇಳಿ ನಮ್ಮನ್ನು ಸಣ್ಣ ಮಾಡುವವರಿಗೆ ನಾನು ಹರೇಕಳ ಹಾಜಬ್ಬರ ಹೆಸರು ಹೇಳುತ್ತೇನೆ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿ, ಅದರಲ್ಲೇ ಉಳಿಸಿ, ನ್ಯೂಪಡ್ಪಿನಲ್ಲಿ ಶಾಲೆ ಎಬ್ಬಿಸಿದ ಮನುಷ್ಯ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರ ಕಥೆಯನ್ನು ಎಲ್ಲರೂ ತ್ಯಾಗದ ಕಥೆ ಅಂತ ಹೇಳುತ್ತಾರೆ. ನನಗೆ ಕಾಣುವುದು ಅವರ ಹಟ. ಒಂದೇ ಕೆಲಸ ಹಿಡಿದರು, ಅದಕ್ಕೇ ವರ್ಷಾನುಗಟ್ಟಲೆ ಸಣ್ಣ ಸಣ್ಣದು ಹಾಕಿದರು, ಸಾಲದ್ದಕ್ಕೆ ಕಚೇರಿ ಕಚೇರಿ ಅಲೆದರು. ಸಿಕ್ಕ ಸಿಕ್ಕ ಕಡೆ ನೂರು ಇನ್ನೂರು ಹಂಚಿದ್ದರೆ ಇವತ್ತು ಆ ಶಾಲೆ ಇರುತ್ತಿರಲಿಲ್ಲ.

ನಮ್ಮ ಪಿಗ್ಮಿಯನ್ನೂ ಹಾಗೆ ಒಂದೇ ಕೆಲಸಕ್ಕೆ ಇಡಬೇಕಾ ಅನ್ನುವುದು ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ. ಈ ಫೆಬ್ರವರಿಗೆ ವರ್ಷ ತುಂಬುತ್ತದೆ. ಆಫೀಸಿನ ಹೆಂಗಸಿನ ಮಗಳು ಹತ್ತನೇ ಕ್ಲಾಸು, ಪಿಯುಸಿ ಸೇರಿಸುವ ಹೊತ್ತಿಗೆ ಅವಳಿಗೆ ಕೊಡುವ ಅಂತ ನನ್ನ ಮಾತು. ಮಗನಿಗೆ ಬೀದಿ ನಾಯಿಗಳಿಗೆ ಇಂಜೆಕ್ಷನ್ ಕೊಡಿಸಬೇಕು. ಅತ್ತೆ ಯಾವುದೂ ಹೇಳುವುದಿಲ್ಲ, ತಮ್ಮ ನೂರು ರೂಪಾಯಿಯಲ್ಲಿ ಸ್ವಲ್ಪ ಕೃಷ್ಣ ಮಠದ ಅನ್ನಪ್ರಸಾದಕ್ಕೆ ಹೋಗಲಿ ಅಂತ ಮಾತ್ರ ಅಂದಿದ್ದಾರೆ. ಗಂಡನಿಗೆ ಈಗ ಉತ್ಸಾಹ ಬಂದಿದೆ, ದಿನಕ್ಕೆ ಮೂವತ್ತನ್ನು ಐವತ್ತು ಮಾಡುವ ಅನ್ನುತ್ತಿದ್ದಾರೆ. ಮಾರ್ಚಿನಲ್ಲಿ ಗಾಡಿಯ ಇನ್ಶೂರೆನ್ಸು ಕಟ್ಟಲಿಕ್ಕುಂಟು. ಅದು ಕಟ್ಟಿ ಆಗಲಿ, ಆಮೇಲೆ ನೋಡುವ ಅಂದಿದ್ದೇನೆ.